ಒಂದು ಪ್ರತಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು
ನನ್ನ ಝೆರಾಕ್ಸ್ ಅಂಗಡಿ.
ಒಂದು ಪ್ರತಿಗೆ ಎರಡು ರೂಪಾಯಿ, ಎರಡೂ ಕಡೆಯಾದರೆ ಮೂರು.
ಊರಿನ ಮುಖಗಳೆಲ್ಲ ಒಮ್ಮೆ ಈ ಗಾಜಿನ ಮೇಲೆ
ಬೋರಲು ಮಲಗಿ ಎದ್ದು ಹೋಗಿವೆ.

ಮುನಿರತ್ನಮ್ಮ ಬಂದಾಗ ಬೆಳಗಿನ ಹತ್ತು ಇರಬೇಕು.
ಹಿಂದೆ ಏಜೆಂಟು, ಅವನ ಬಗಲಲ್ಲಿ ಪ್ಲಾಸ್ಟಿಕ್ ಫೈಲು.
ಸೀರೆಯಿಂದ ಬೆಂದ ಹುಳುವಿನ ವಾಸನೆ;
ನಮಗಿಲ್ಲಿ ಅದು ವಾಸನೆಯೇ ಅಲ್ಲ.
ಅವಳು ಬಿಚ್ಚಿದ ರೇಷ್ಮೆ ಎಷ್ಟೋ ದೇಶ ಸುತ್ತಿದೆ,
ಅವಳು ಚಿಂತಾಮಣಿ ದಾಟಿರಲಿಲ್ಲ.

ಅರ್ಜಿಯ ಕಾಲಂ ಎರಡು ಹೆಸರು ಕೇಳಿತು.
ಅವಳಿಗಿದ್ದದ್ದು ಒಂದೇ.
ಮುನಿ ಒಂದು ಖಾನೆಗೆ, ರತ್ನಮ್ಮ ಇನ್ನೊಂದಕ್ಕೆ.
ಮೊದಲು ಕತ್ತರಿಸಿದವನು ನಾನು.

ಬೆರಳಚ್ಚು ಹತ್ತಲಿಲ್ಲ.
ಮೆಷಿನ್ನು ಕೆಂಪು ದೀಪ ತೋರಿಸಿತು: ಮತ್ತೆ ಪ್ರಯತ್ನಿಸಿ.
ಹದಿನಾಲ್ಕು ವರ್ಷ ಕುದಿನೀರ ಬಾಣಲೆಯಲ್ಲಿ
ಎಳೆಯ ತುದಿ ಹುಡುಕಿದ ಬೆರಳು,
ಒರಳಿನ ಗುಂಡುಕಲ್ಲಿನ ಹಾಗೆ ನುಣ್ಣಗೆ.
"ಮದುವೆಗೆ ಇಪ್ಪತ್ತು ಸಾವಿರ ಅಡ್ವಾನ್ಸು ಇಸ್ಕೊಂಡಿದ್ದೆ ಸಾರ್,
ಮಗಳು ಹುಟ್ಟೋವತ್ತಿಗೆ ಮೂವತ್ತಾಯ್ತು.
ದುಡಿದಷ್ಟೂ ಬೆಳೀತೈತೆ, ಉಗುರಿನಂಗೆ," ಅಂದು ನಕ್ಕಳು.

ಏಜೆಂಟು ನಗಲಿಲ್ಲ.
ಆ ಬಾಕಿ ಕಟ್ಟಿ ಅವಳನ್ನು ಬಿಡಿಸಿಕೊಂಡವನು ಅವನು.
ಬಿಡಿಸಿಕೊಳ್ಳುವುದು! ಎಂಥ ಮಾತು.
ಗಿರವಿ ಅಂಗಡಿಯ ಬಳೆಗೂ ಅದೇ ಕ್ರಿಯಾಪದ.

ನಿಂಬೆಹಣ್ಣು ತಿಕ್ಕಿಸಿದೆ, ಕೊಬ್ಬರಿ ಎಣ್ಣೆ ಹಚ್ಚಿಸಿದೆ.
ಕಡೆಗೆ ಎಡಗೈಯ ಕಿರುಬೆರಳು,
ನೀರು ಮುಟ್ಟದೆ ಉಳಿದದ್ದು,
ಹಸಿರು ದೀಪ ಹತ್ತಿಸಿತು.
ಮೂವರೂ ಖುಷಿಪಟ್ಟೆವು. ಟೀ ತರಿಸಿದೆ, ಸುಳ್ಳಲ್ಲ.

ಕುವೈತಿನಲ್ಲಿ ನಾಲ್ಕು ಅಂತಸ್ತಿನ ಮನೆ.
ಅಸಲು ಪಾಸ್‌ಪೋರ್ಟು ಯಜಮಾನಿಯ ಬೀರುವಿನಲ್ಲಿ,
ಹೊರಬಾಗಿಲಿಗೆ ಒಳಗಿನಿಂದ ಹಿಡಿಕೆಯಿಲ್ಲ.
ಅಲ್ಲಿ ಅವಳನ್ನು ಮೇರಿ ಅನ್ನುತ್ತಾರಂತೆ.
ಮೊದಲಿದ್ದವಳ ಹೆಸರು, ಹೊಸತು ಕಲಿಯಲು ಬೇಸರವಂತೆ.
ಇದೆಲ್ಲ ಮಗಳಿಗೆ ಗೊತ್ತಾದದ್ದು
ಬಚ್ಚಲಿನ ನಲ್ಲಿ ಬಿಟ್ಟು ಕಳಿಸಿದ
ಎಂಟೆಂಟು ಸೆಕೆಂಡಿನ ಧ್ವನಿಗಳಲ್ಲಿ.
ಒಟ್ಟು ಒಂಬತ್ತು. ಯುಗಾದಿಯ ನಂತರ ಇಲ್ಲ.

ಪಿಯುಸಿ ಓದುವ ಹುಡುಗಿ, ಕೌಂಟರಿಗೆ ಮೊಣಕೈ ಊರಿ ನಿಂತಳು.
ಠಾಣೆಯಲ್ಲಿ ಕೇಳಿದರಂತೆ: ಹೋಗಿದ್ದಾಳೆ ಅನ್ನಲು ದಾಖಲೆ?
ಹುಡುಕಿದೆ. ಹೆಸರಿಡದ ಫೋಲ್ಡರಿನಲ್ಲಿ
ಯಾರದೋ ಗ್ಯಾಸ್ ಬುಕ್ಕು, ಯಾರದೋ ಮರಣಪತ್ರದ ನಡುವೆ
ಸಿಕ್ಕಳು.
ಟೋನರು ಮುಗಿಯುತ್ತ ಬಂದಿತ್ತು.
ಮುಖದ ಮೇಲೆ ಬಿಳಿ ಗೆರೆಗಳು,
ಬಾಣಲೆಯಿಂದ ರಾಟೆಗೆ ಏರುವ ಎಳೆಗಳ ಹಾಗೆ,
ಒಂದೂ ಕಡಿಯದೆ.

ಕಾಗದದ ಬಿಸಿಯನ್ನು ಎರಡೂ ಕೈಯಲ್ಲಿ ಹಿಡಿದು
"ಎಷ್ಟು ಅಂಕಲ್?" ಅಂದಳು.
ಬಾಯಿ ತನ್ನ ಪಾಡಿಗೆ ತಾನು ಹೇಳಿತು: ಎರಡು ರೂಪಾಯಿ.
ಹತ್ತರ ನೋಟು ಕೊಟ್ಟಳು. ಚಿಲ್ಲರೆ ಇರಲಿಲ್ಲ.
"ಆಮೇಲೆ ಇಸ್ಕೋತೀನಿ" ಅಂತ ಬಸ್ಸಿಗೆ ಓಡಿದಳು.

ಎಂಟು ರೂಪಾಯಿ
ಡ್ರಾಯರಿನ ಮೂಲೆಯಲ್ಲಿ ಬೇರೆ ಎತ್ತಿಟ್ಟಿದ್ದೇನೆ.
ಯಾರೂ ಮುಟ್ಟಿಲ್ಲ.
ಆದರೂ ಬೆಳೀತೈತೆ.