ಗೇಣು, ಮಾರು

ನಸುಕಿನ ನಾಲ್ಕೂವರೆ. ಮೇನ್ ಕರಾವಳಿಯಲ್ಲಿ
ಮಂಜಿಗಿಂತ ಮೊದಲು ಡೀಸೆಲ್ ವಾಸನೆ ಏಳುತ್ತದೆ.
ಲೊವಿನಾ ಬೀಲ್ ಎತ್ತಿದ ಮೊದಲ ಬೋನಿನಲ್ಲಿ
ಮೂರು ಏಡಿ, ಯಾರದೋ ಕೈಗವಸು,
ಮತ್ತೆ ಗೇಣುದ್ದದ ಒಬ್ಬಳು ಬಸುರಿ, ಲಾಬ್‌ಸ್ಟರ್:
ಬಾಲದಡಿ ಸಾಸಿವೆ ಮೆತ್ತಿದ ಹಾಗೆ
ಮೊಟ್ಟೆ, ಎಣಿಸಲಾರದಷ್ಟು.

ಚಾಕು ತೆಗೆದಳು. ಹೆದರಬೇಡಿ,
ಬಾಲದ ರೆಕ್ಕೆಯಲ್ಲೊಂದು ಕಚ್ಚು, ಉಗುರಿನಷ್ಟು, ಅಷ್ಟೆ.
ಇಲ್ಲಿಯವರು ಕೊಡುವ ತಾಯ್ತನದ ರಸೀದಿ:
ಮುಂದೆ ಯಾರ ಬೋನಿಗೆ ಬಿದ್ದರೂ
ಮೊಟ್ಟೆ ಇರಲಿ, ಇಲ್ಲದಿರಲಿ, ನೀರಿಗೆ ಬಿಡಬೇಕು.
ಪೊರೆ ಕಳಚಿದಂತೆಲ್ಲ ಕಚ್ಚು ಮಾಸುತ್ತದೆ;
ಕಂಡವರು ಮತ್ತೆ ಕೊಯ್ದು ತಿದ್ದುತ್ತಾರೆ,
ಅಪ್ಪನ ಕಾಲದಿಂದ, ಅವನಪ್ಪನ ಕಾಲದಿಂದ.

ದೊಡ್ಡ ಪಟ್ಟಿಯಲ್ಲಿ ಇವಳ ಹೆಸರಿನ ಮುಂದೆ ಬರೆದಿದೆ:
ಸದ್ಯಕ್ಕೆ ಚಿಂತೆಯಿಲ್ಲ.
"ಬರೆದವನು ಈ ನೀರಿಗೆ ಕೈ ಅದ್ದಿ ನೋಡಿದ್ದಾನಾ?
ವರ್ಷ ವರ್ಷ ಬೆಚ್ಚಗೆ. ಬೋನು ವರ್ಷ ವರ್ಷ ಇನ್ನೂ ಆಳಕ್ಕೆ."

ಅದೇ ಪಟ್ಟಿಯ ಬೇರೆ ಹಾಳೆಯಲ್ಲಿ
ಎಂಟು ಮಾರಿನವಳು. ಅಳಿವಿನ ಅಂಚು.
ಬೇಟೆಯ ಕಾಲದವರು 'ಸರಿಯಾದ ತಿಮಿಂಗಿಲ' ಅಂದರು:
ನಿಧಾನ ಈಜುತ್ತಾಳೆ, ದಡದ ಹತ್ತಿರ ಬರುತ್ತಾಳೆ,
ಕೊಂದರೆ ತೇಲುತ್ತಾಳೆ.
ಕೊಲ್ಲಲು ಸರಿ.
ಹೆಸರು ಹಾಗೇ ಉಳಿಯಿತು. ಅವರು ಉಳಿದದ್ದು
ಮುನ್ನೂರ ಎಂಬತ್ತರ ಆಸುಪಾಸು,
ಒಂದು ಸಾಧಾರಣ ಮದುವೆಯ ಊಟಕ್ಕಾಗುವಷ್ಟು.

ಲೊವಿನಾಳ ಅಕ್ಕನ ಮಗ ಆನ್ಸೆಲ್
ವಿಮಾನದ ಕಿಟಕಿಗೆ ಹಣೆಯೊತ್ತಿ ಅವರನ್ನೆಣಿಸುತ್ತಾನೆ,
ತಲೆಯ ಬಿಳಿ ಗಂಟುಗಳಿಂದ ಇಂಥವಳೇ ಎಂದು ಗುರುತು ಹಿಡಿದು.
ಭಾನುವಾರ ಊಟಕ್ಕೆ ಬಂದಾಗ ಒಂದು ಫೋಟೋ ತಂದಿದ್ದ:
ಬಾಲದ ಬುಡಕ್ಕೆ ಬಳೆಯ ಹಾಗೆ ಬಿಳಿ ಗಾಯ.
ಹಗ್ಗ.
ಮೇನ್‌ನವರ ಹಗ್ಗಕ್ಕೆ ನೇರಳೆ ಗುರುತಿರಬೇಕು, ಕಾನೂನು.
ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ
ಲೊವಿನಾ ನೇರಳೆಗಾಗಿ ಹುಡುಕಿದಳು.
ಗಾಯಕ್ಕೆ ಬಣ್ಣವಿರಲಿಲ್ಲ.
ನಮ್ಮದು ಅನ್ನಲೂ ಆಗಲಿಲ್ಲ, ಅಲ್ಲ ಅನ್ನಲೂ.
ಆನ್ಸೆಲ್ ಏನೂ ಕೇಳಲಿಲ್ಲ;
ಇನ್ನಷ್ಟು ಬೆಣ್ಣೆ ಇದೆಯಾ, ಅಂದ.

ಗೇಣು ಹೊಟ್ಟೆಯ ಪಾಡು, ಅಂದುಕೊಂಡೇ
ಈ ಬೆಳಗೂ ಬೋಟು ಹತ್ತಿದ್ದು.
ಬಸುರಿಯನ್ನು ಎಸೆಯಲಿಲ್ಲ, ಬಾಗಿ ನೀರಿಗಿಟ್ಟಳು.
ಬಾಲ ಎರಡು ಸಲ ಪಟಪಟ, ಮಾಯ.
ಹಿಂದೆಯೇ ಬೋನು. ಹಗ್ಗ ಬಿಚ್ಚಿಕೊಳ್ಳುತ್ತ ಹೋಯಿತು
ಒಂದು ಮಾರು, ಎರಡು, ಐದು, ಎಂಟು.
ಎಂಟಕ್ಕೆ ಅವಳ ಕೈ ಹಗ್ಗವನ್ನು ತಡೆಯಿತು.
ಆಮೇಲೆ ಬಿಟ್ಟಿತು,
ಇಪ್ಪತ್ತರವರೆಗೆ.