ಕಂಡಿ

ಕುರ್ಚಿ ಹಾಕಬೇಡಿ ಎಂದರು.
ನಾನು ಎರಡು ಸಲ ಕೇಳಿದೆ, ಒಂದೂ ಬೇಡವೇ ಎಂದು.
ಮುಳಬಾಗಿಲಿನ ಈ ಮಂದಿರದಲ್ಲಿ ನಾಟಕ ನಿಂತು ಮೂವತ್ತು ವರ್ಷ.
ಆಮೇಲೆ ಪಡಿತರದ ಅಕ್ಕಿ, ಆಮೇಲೆ ಮತಪೆಟ್ಟಿಗೆ,
ಆಮೇಲೆ ಬೀಗ. ಬೀಗದ ಕೈ ನನ್ನ ಸೆರಗಿನ ಗಂಟಲ್ಲಿ.
ಮುರಿಯದ ನಲವತ್ತೊಂದು ಕುರ್ಚಿ ಒರೆಸಿಟ್ಟಿದ್ದೆ.

ಬಂದವರು ಒಂಬತ್ತು ಜನ, ಸೋಲ್ ಎಂಬ ಊರಿಂದ.
ಕ್ಷೌರದಂಗಡಿ ಬ್ಯಾಟಪ್ಪ ಕೇಳಿ ನಕ್ಕ:
"ಊರ ಹೆಸರೇ ಸೋಲಾದ್ರೆ ಗೆಲ್ಲೋದ್ಯಾವಾಗಮ್ಮ?"
ಮೂಡಲ ಬಾಗಿಲು ಅಂತ ನಮ್ಮೂರಿಗೆ ಹೆಸರಿಟ್ಟವರೂ
ಇಷ್ಟು ಮೂಡಲಿಂದ ಯಾರೋ ಬಂದಾರೆಂದು ಎಣಿಸಿರಲಿಕ್ಕಿಲ್ಲ.

ಮೊದಲ ದಿನ ಅವರು ಕುಣಿಯಲೇ ಇಲ್ಲ.
ಗೋಡೆಗೆ ಕಿವಿಯಿಟ್ಟರು. ಮೆಟ್ಟಿಲು ಎಣಿಸಿದರು.
ಬಣ್ಣದ ಕೋಣೆಯ ಸುಣ್ಣದ ಮೇಲೆ ಯಾರೋ ಬೆರಳೊರೆಸಿದ
ಅರದಾಳದ ಹಳದಿಗೆ ಮೂಗು ತಾಗಿಸಿ ನಿಂತಳು ಹಾಯೂನ್ ಎಂಬ ಹುಡುಗಿ.
ರಾಮನದೋ ರಾವಣನದೋ ನನಗೂ ಗೊತ್ತಿಲ್ಲವ್ವ ಎಂದೆ.
ತಲೆಯಾಡಿಸಿದಳು, ಗೊತ್ತಾದವಳಂತೆ.

ಶನಿವಾರ ಏಳಕ್ಕೆ ಬಾಗಿಲು ತೆಗೆದೆ.
ಜನ ಒಳಗೆ ಬಂದು ಕೂರುವ ಜಾಗ ಹುಡುಕಿದರು,
ಸಿಗಲಿಲ್ಲ; ನಿಂತಲ್ಲಿ ನಿಲ್ಲಲೂ ಬಿಡಲಿಲ್ಲ.
ಟಿಕೆಟ್ಟಿನ ಕಿಂಡಿಯಲ್ಲಿ ಒಂದು ಕೈ ಮಾತ್ರ ಕುಣಿಯುತ್ತಿತ್ತು, ಮೈಯೇ ಇಲ್ಲದೆ.
ಹೆಂಗಸರ ಬಾಲ್ಕನಿಯ ಕಟಾಂಜನದ ಮೇಲೆ ಇಬ್ಬರು
ತಮ್ಮ ಭಾರ ಒಬ್ಬರಿಗೊಬ್ಬರು ಕೊಟ್ಟು, ವಾಪಸು ತಗೊಂಡು,
ಸಂತೆಯಲ್ಲಿ ಚೌಕಾಸಿ ನಡೆದ ಹಾಗೆ.
ಕಾಡಿನ ಪರದೆ, ಗೆದ್ದಲು ತಿಂದು ಉಳಿದ ಅರ್ಧ ಹುಲಿ,
ಹುಲಿಯ ಹಿಂದಿನಿಂದ ಮೆಲ್ಲಗೆ ಒಂದು ಮೊಣಕಾಲು.
ತಬಲ ಇಲ್ಲ, ಪದ್ಯ ಇಲ್ಲ. ಉಸಿರು.
ಎಳೆದರೆ ಭುಜ ಏಳುತ್ತದೆ, ಬಿಟ್ಟರೆ ಹಿಮ್ಮಡಿ ನೆಲಕ್ಕೆ,
ಹೆಬ್ಬೆರಳು ಕೊನೆಗೆ, ಕಾದ ಹಂಚಿನ ಮೇಲಿಟ್ಟ ಹಾಗೆ.
ಬಿಳಿ ಕಾಲುಚೀಲ ಹತ್ತೇ ನಿಮಿಷಕ್ಕೆ ನಮ್ಮ ಧೂಳಿನ ಬಣ್ಣ.

ಹಾರ್ಮೋನಿಯಂ ಪೆದ್ದಣ್ಣ ಮೇಷ್ಟ್ರು ಸಿಡುಕಿದರು:
"ಕಥೆ ಎಲ್ಲಮ್ಮಾ? ಪಾತ್ರ ಯಾವ್ದು?"
ಆದರೂ ಹಿಂದೆಯೇ ನಡೆದರು,
ಊರುಗೋಲು ಸದ್ದಾಗದಂತೆ ಎತ್ತಿ ಹಿಡಿದು.

ಅರ್ಧ ಗಂಟೆಗೆ ಎಲ್ಲ ಮುಗಿದು, ಮತ್ತೆ ಮೊದಲಿಂದ.
ಯಾರೂ ವನ್ಸ್ ಮೋರ್ ಕೂಗಿರಲಿಲ್ಲ.
ಹಾಗೆ ಕೂಗಿಸಿಕೊಳ್ಳಲೆಂದೇ ಪ್ರಾಣ ಬಿಟ್ಟವರಿದ್ದರು ಇಲ್ಲಿ.
ಸತ್ತ ಅಭಿಮನ್ಯು ಎದ್ದು, ಬಟ್ಟೆ ಕೊಡವಿ,
ಪದ್ಯ ಇನ್ನೊಮ್ಮೆ ಹೇಳಿ, ಮೊದಲಿಗಿಂತ ಚೆನ್ನಾಗಿ ಸತ್ತಿದ್ದ.

ರಂಗದ ನಡುವೆ ಕಂಡಿ,
ಸೀತೆ ಇಳಿಯಲೆಂದು ಹಲಗೆ ಕೊಯ್ದದ್ದು, ಎರಡೂವರೆ ಅಡಿ.
ಕೆಳಗೆ ಕತ್ತಲಲ್ಲಿ ಹಗ್ಗ ಹಿಡಿದವನು ನನ್ನಪ್ಪ, ಗುರ್ರಪ್ಪ.
ಇಪ್ಪತ್ತಾರು ವರ್ಷ ಭೂಮಿಯ ಪಾತ್ರ ಮಾಡಿದ,
ಒಂದು ನಾಟಕವನ್ನೂ ನೋಡಲಿಲ್ಲ.
ಸೀತೆಯರನ್ನು ಅವನು ಬಲ್ಲದ್ದು ತೂಕದಿಂದ.
"ಈ ಸಲದವಳು ಊಟ ಬಿಟ್ಟವ್ಳೆ" ಅನ್ನುತ್ತಿದ್ದ, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ.

ಎರಡನೇ ಸುತ್ತಿನಲ್ಲಿ ಹಾಯೂನ್ ಕಂಡಿಯಂಚಿಗೆ ಬಂದು ಮಂಡಿಯೂರಿದಳು.
ತಲೆ ಒಳಕ್ಕೆ ಇಳಿಬಿಟ್ಟು, ಕೂದಲೆಲ್ಲ ಕತ್ತಲಿಗೆ ಸುರಿದು
ಅಪ್ಪಾ, ಅಂದಳು.
ನನ್ನ ಸೆರಗಲ್ಲಿ ಬೀಗದ ಕೈ ಗೊಂಚಲು ಸದ್ದು ಮಾಡಿತು.

ಆಮೇಲೆ ದೋಸೆಯ ಮುಂದೆ ದುಭಾಷಿ ಹುಡುಗನಿಂದ ಕೇಳಿಸಿದೆ.
ಅವಳ ಭಾಷೆಯಲ್ಲೂ ಅಪ್ಪ ಅಂದರೆ ಅಪ್ಪನೇ ಅಂತೆ.
ಆದರೆ ತಾನು ಏನೂ ಅನ್ನಲಿಲ್ಲವಂತೆ,
ಬರೀ ಉಸಿರು ಬಿಟ್ಟೆ ಅಂದಳಂತೆ.
ಚಟ್ನಿಯ ಖಾರಕ್ಕೆ ಅವಳ ಕಣ್ಣಲ್ಲಿ ನೀರು.

ಬೀಗ ಹಾಕುವ ಮೊದಲು ಕಂಡಿಯ ಕೆಳಗಿಳಿದೆ,
ಐವತ್ತೆಂಟಕ್ಕೆ, ಮೊದಲ ಸಲ.
ಹಗ್ಗ ಉಜ್ಜಿ ಉಜ್ಜಿ ಕಂಬದಲ್ಲೊಂದು ತೋಡು, ಹೆಬ್ಬೆರಳು ಕೂರುವಷ್ಟು.
ಮೇಲೆ ನೋಡಿದೆ. ಎರಡೂವರೆ ಅಡಿ ಬೆಳಕು.
ಮರೆತ ಶಾಲು ಹುಡುಕುತ್ತ ಯಾರೋ ರಂಗ ದಾಟಿದರು.
ಯಾರೆಂದು ಕಾಣಲಿಲ್ಲ. ಕಂಡದ್ದು ಕಾಲು,
ಹಿಮ್ಮಡಿ ಮೊದಲು,
ಆಮೇಲೆ ಹೆಬ್ಬೆರಳು.