ಕಾಲು ದರ

ಎಡಗಾಲಿಗೆ ಪೋಲಿಯೊ ಅಂತ ಸರ್ಕಾರ
ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಪಕ್ಕ
ನನಗೊಂದು ಗಾಜಿನ ಪೆಟ್ಟಿಗೆ ಕೊಟ್ಟಿತು.
ಕಾಲಿಲ್ಲದವನಿಗೆ ಕಾಲ್ ಮಾಡಿಸುವ ಕೆಲಸ ಅಂತ
ಗೆಳೆಯರು ನಗುತ್ತಿದ್ದರು, ನಾನೂ.

ರಾತ್ರಿ ಹನ್ನೊಂದಾದ ಮೇಲೆ ಕಾಲು ದರ.
ಆಗ ಸಾಲು ನೋಡಬೇಕಿತ್ತು:
ಕೊನೇ ಬಸ್ಸು ತಪ್ಪಿದವರು, ಬೇಕಂತಲೇ ತಪ್ಪಿಸಿಕೊಂಡವರು,
ಚಿಲ್ಲರೆಯನ್ನು ಮುಷ್ಟಿಯಲ್ಲಿ ಬೆವರಿಸಿಕೊಂಡು ನಿಂತವರು.
'ಬೇಗ ಮಾರಾಯ, ಹೆರಿಗೆ ಆಯ್ತಾ ಕೇಳಬೇಕು'
ಅಂತ ಯಾರೋ ಗಾಜು ಬಡಿದರೆ
ಒಳಗಿದ್ದವನು ಹೊರಬಂದು ತಾನೂ ನಿಲ್ಲುತ್ತಿದ್ದ,
ಹೆಣ್ಣೋ ಗಂಡೋ ತಿಳಿದುಕೊಂಡೇ ಹೋಗುತ್ತಿದ್ದ.

ಬಾಗಿಲು ಮುಚ್ಚಿದರೂ ಮಾತು ಸೋರುತ್ತಿತ್ತು.
ಪೇಪರ್ ಓದುವವನ ಹಾಗೆ ಕೂತು
ಊರನ್ನೇ ಓದಿದೆ.
ಲಾರಿ ಆಫೀಸಿನ ತಿಪ್ಪೇಶಿ ದಿನವೂ ಬಂದು
ನಂಬರ್ ಒತ್ತಿ, ಆ ಕಡೆ 'ಹಲೋ' ಅಂದದ್ದೇ ತಡ
ಇಟ್ಟುಬಿಡುತ್ತಿದ್ದ.
ಒಂದು ಹಲೋಗೆ ಒಂದು ರೂಪಾಯಿ ಇಪ್ಪತ್ತಾರು ಪೈಸೆ.
ಬಿಲ್ಲಿನ ಮೇಲೆ ನಂಬರ್ ಇರುತ್ತಿತ್ತು;
ಬಿಲ್ಲನ್ನು ಅಲ್ಲೇ ಹರಿಯುತ್ತಿದ್ದ.

ಆಮೇಲೆ ಮಾತು ಎಲ್ಲರ ಜೇಬಿಗೂ ಬಂತು.
ಈಗ ನಾನು ಜೆರಾಕ್ಸ್, ರೀಚಾರ್ಜ್, ಸ್ಕ್ರೀನ್ ಗಾರ್ಡ್.
ಪೆಟ್ಟಿಗೆಯಲ್ಲಿ ಪೊರಕೆ, ಖಾಲಿ ರಟ್ಟು.
ಗುಟ್ಟು ಕೇಳಲು ಕಿವಿಗೆ ಕಷ್ಟವೇ ಇಲ್ಲ:
ಭದ್ರಾವತಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು
ಸ್ಪೀಕರ್ ಹಾಕಿಕೊಂಡೇ ಹೆಂಡತಿಯನ್ನು ಬೈಯುತ್ತಾರೆ.
ಯಾರೂ ತಲೆ ಎತ್ತುವುದಿಲ್ಲ.
ನಾನೂ.

ಲವೀನಾ ಬಂದಿದ್ದು ದೀಪಾವಳಿ ಕಳೆದ ವಾರ.
ದುರ್ಗಿಗುಡಿಯ ಟೈಲರ್ ಅಂಗಡಿಯಲ್ಲಿ ಕಾಜ ಹೊಲಿಯುವವಳು
(ಹೆಸರು ಗೊತ್ತಾಗಿದ್ದು ರೀಚಾರ್ಜ್ ಚೀಟಿಯಿಂದ).
ಕಿವಿ ಮುಟ್ಟಿ, ಬಾಯಿ ಮುಟ್ಟಿ,
ಇಲ್ಲ ಅಂತ ಕೈಯಾಡಿಸಿದಳು.
ಪೆಟ್ಟಿಗೆ ತೋರಿಸಿದಳು.

ಪೊರಕೆ ಹೊರಗಿಟ್ಟೆ.
ಸತ್ತ ಮೀಟರಿಗೆ ಫೋನ್ ಒರಗಿಸಿ ಕೂತಳು.
ಆ ಕಡೆ ಒಬ್ಬ ಹುಡುಗ, ಕೊಪ್ಪದ ಯಾವುದೋ ಬೇಕರಿ,
ಮೊಣಕೈವರೆಗೂ ಮೈದಾ.
ಬೆಳ್ಳನೆಯ ಬೆರಳು ಏನೋ ಅಂದಿತು,
ಇವಳ ಬೆರಳು ನಕ್ಕಿತು.
ಅವನಿಗೆ ಸಿಟ್ಟು ಬಂದಾಗ ಮಾತಿನಿಂದ ಹಿಟ್ಟು ಉದುರಿತು.
ನೆಟ್‌ವರ್ಕ್ ಸಿಕ್ಕಿಕೊಂಡು
ಅವನ ಕೈ ಅರ್ಧ ಪದದಲ್ಲಿ ನಿಂತುಹೋದಾಗ
ಆ ಪದ ಪೂರ್ತಿಯಾಗುವ ತನಕ
ಇವಳು ರೆಪ್ಪೆ ಬಡಿಯಲಿಲ್ಲ.

ಇಪ್ಪತ್ತು ವರ್ಷ ಊರಿನ ಮಾತು ಕುಡಿದ ನನಗೆ
ಒಂದಕ್ಷರ ದಕ್ಕಲಿಲ್ಲ.
ಪೇಪರಿನ ಅಂಚಿನಿಂದ ನೋಡಿಯೇ ನೋಡಿದೆ.

ಅವಳು ತಿರುಗಿದಳು.
ಸದ್ದೇ ಇಲ್ಲದ ಮಾತಿಗೆ
ಎದ್ದು ಬಾಗಿಲು ಎಳೆದುಕೊಂಡಳು.
ಗಾಜಿನ ಬಾಗಿಲು.

ಏನು ಮುಚ್ಚಬೇಕಿತ್ತೋ ಆಗ ಹೊಳೆಯಿತು.
ಕೋಲು ಊರಿ ಎದ್ದು
ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಕೂತೆ.
ಬಸ್ಸುಗಳನ್ನು ಎಣಿಸಿದೆ. ಹದಿನೇಳು.

ಹೊರಡುವಾಗ, ಎಷ್ಟು ಅಂತ ಬೆರಳುಜ್ಜಿ ಕೇಳಿದಳು.
ನಾಲ್ಕು ಬೆರಳು ಎತ್ತಿ ಮೂರನ್ನು ಮಡಚಿದೆ.
ಕಾಲು ದರ.
ಅರ್ಥವಾಯಿತೋ ಇಲ್ಲವೋ,
ಒಂದು ರೂಪಾಯಿ ಇಟ್ಟು ಹೋದಳು.